ನಾಲ್ಕು ಬೆರಳು ಕೆಳಕ್ಕೆ

ನಮ್ಮ ಮನೆಯಲ್ಲಿ ಬಾಯಿಗಿಂತ ಕೈ ಮುಂದು. ತಾತ ಅಪ್ಪನನ್ನು ಹೊಡೆದ, ಅಪ್ಪ ನಮ್ಮನ್ನು ಹೊಡೆದ, ನಾನು ನನ್ನ ತಮ್ಮನನ್ನು ಹೊಡೆದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವುದನ್ನು ಓದಿ ಯಾರಾದರೂ ‘ಪಾಪ, ಅಕ್ಕ’ ಎಂದರೆ ನನಗೆ ಅವರ ಮೇಲೂ ಸಿಟ್ಟು ಬರುತ್ತದೆ.

ಬ್ಯಾಟರಾಯನಪುರ ಇನ್ನೂ ಹಳ್ಳಿಯಾಗಿದ್ದಾಗ ಅಪ್ಪ ಎಮ್ಮೆ ಕಟ್ಟಿದ್ದ. ಎಮ್ಮೆಗೆ ಒಂದು ಏಟು ಬಿದ್ದರೆ ನಮಗೆ ಎರಡು. ಕೈಗೆ ಸಿಕ್ಕಿದ್ದೆಲ್ಲ ಅವನಿಗೆ ಆಯುಧ: ಹಗ್ಗ, ಸೌಟು, ಚಪ್ಪಲಿ, ಸೈಕಲ್ ಚೈನು. ಅಮ್ಮ ನಡುವೆ ಬಂದರೆ ಅಮ್ಮನಿಗೂ ಬೀಳುತ್ತಿತ್ತು. ಒಮ್ಮೆ ಹಾಲಿನ ಕ್ಯಾನಿನ ಮುಚ್ಚಳ ಬೀಸಿ ನನ್ನ ಎಡಹುಬ್ಬು ಒಡೆದ. ಆ ಗೀರಿನ ಮೇಲೆ ಇವತ್ತಿಗೂ ಕೂದಲು ಬೆಳೆದಿಲ್ಲ. ಹುಬ್ಬು ತಿದ್ದಿಸಲು ಹೋದರೆ ಪಾರ್ಲರಿನವಳು ‘ಇಲ್ಲೇನಾಯ್ತು ಮೇಡಂ’ ಎಂದು ಕೇಳುತ್ತಾಳೆ, ನಾನು ಬಿದ್ದೆ ಎನ್ನುತ್ತೇನೆ.

ತಮ್ಮ ನನಗಿಂತ ಆರು ವರ್ಷ ಚಿಕ್ಕವನು, ಹುಟ್ಟಾ ಎಡಚ. ತುತ್ತು ಎತ್ತುವುದು ಎಡಗೈಯಲ್ಲಿ, ಬಳಪ ಹಿಡಿಯುವುದು ಎಡಗೈಯಲ್ಲಿ, ದೇವರ ಮುಂದೆ ತೀರ್ಥಕ್ಕೆ ಕೈ ಚಾಚುವುದೂ ಎಡಗೈಯನ್ನೇ. ಅದನ್ನು ಕಂಡರೆ ಅಪ್ಪನಿಗೆ ಮೈಯೆಲ್ಲ ಉರಿ. ಒಂದು ದಿನ ನನ್ನನ್ನು ಕರೆದು ಹೇಳಿದ: “ಇವ್ನ ಎಡಗೈ ಬಿಡ್ಸೋದು ನಿನ್ ಕೆಲ್ಸ. ಇವ್ನು ಎಡಗೈ ಎತ್ತಿದ್ರೆ ಏಟು ನಿನಗೆ ಬೀಳ್ತದೆ.”

ನಾನು ನನ್ನ ಬೆನ್ನು ಉಳಿಸಿಕೊಂಡೆ. ಒಂದಡಿಯ ಸ್ಟೀಲ್ ಸ್ಕೇಲು ತೆಗೆದುಕೊಂಡು, ಅವನು ಎಡಗೈ ಎತ್ತಿದಾಗೆಲ್ಲ ಸ್ಕೇಲನ್ನು ಅಡ್ಡ ಹಿಡಿದು ಗೆಣ್ಣಿನ ಮೇಲೆ ಕೊಟ್ಟೆ. ಎರಡು ವರ್ಷ ಕೊಟ್ಟೆ. ಗೆಣ್ಣು ಊದಿಕೊಂಡರೆ ಎಣ್ಣೆ ಹಚ್ಚಿ ಮಾರನೆಯ ದಿನ ಮತ್ತೆ ಕೊಟ್ಟೆ. ಎರಡನೇ ಕ್ಲಾಸು ಮುಗಿಯುವಷ್ಟರಲ್ಲಿ ಅವನು ಬಲಗೈಯಲ್ಲಿ ದುಂಡಗೆ ಬರೆಯುತ್ತಿದ್ದ. ಅಪ್ಪ ಅವನ ಕಾಪಿ ಪುಸ್ತಕ ನೋಡಿ “ಪರ್ವಾಗಿಲ್ಲ ಕಣಮ್ಮಿ ನೀನು” ಎಂದ. ಅಪ್ಪ ನನ್ನನ್ನು ಹೊಗಳಿದ್ದು ಜೀವಮಾನದಲ್ಲಿ ಅದೊಂದೇ ಸಲ, ಒಂದು ವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಎಮ್ಮೆಗಳು ಹೋದವು, ಆಮೇಲೆ ಅಪ್ಪನೂ ಹೋದ. ನನ್ನ ಮದುವೆಯಾಗಿ ಎರಡು ವರ್ಷಕ್ಕೆ ತವರಿಗೆ ಬಂದೆ. ಗಂಡ ಒಂದು ಹೊಡೆದ, ನಾನು ಎರಡು ಹೊಡೆದೆ, ಅಲ್ಲಿಗೆ ಸಂಸಾರ ಮುಗಿಯಿತು. ಕೊಟ್ಟಿಗೆ ಇದ್ದ ಜಾಗದಲ್ಲಿ, ರಸ್ತೆಗೆ ಮುಖ ಮಾಡಿ, ಒಂದು ಅಂಗಡಿ ಕಟ್ಟಿಸಿ ಶಟರ್ ಹಾಕಿಸಿದೆವು. ಲಗ್ನಪತ್ರಿಕೆ, ಫ್ಲೆಕ್ಸ್, ವಿಸಿಟಿಂಗ್ ಕಾರ್ಡು ನಮ್ಮ ಕೆಲಸ. ಗಿರಾಕಿ, ಕಾಗದ, ಜಗಳ ನನ್ನ ಪಾಲು. ಡಿಸೈನ್ ಮತ್ತು ಕಂಪ್ಯೂಟರ್ ತಮ್ಮನ ಪಾಲು.

ನಮ್ಮ ಅಂಗಡಿಗೆ ಒಂದು ಕಟ್ಟುಪಾಡು ಇತ್ತು. ಲಗ್ನಪತ್ರಿಕೆಗೆ ಎಡಗೈ ಸೋಕಿಸಬಾರದು. ಮೊದಲ ಪ್ರತಿಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚುವುದು, ಎಣಿಸುವುದು, ಕಟ್ಟುವುದು, ಕೊಡುವುದು, ಎಲ್ಲ ಬಲಗೈಯಲ್ಲೇ. ಕಂಪ್ಯೂಟರಿನಲ್ಲಿ ಕಾರ್ಡು ಬಿಡಿಸುವುದಕ್ಕೂ ಇದೇ ಕಾನೂನು. ಎಡಗೈ ಬೇಕಿದ್ದರೆ ಕೀಬೋರ್ಡಿನ ಮೇಲೆ ಇರಲಿ, ಚಿತ್ರ ಎಳೆಯುವುದು ಬಲಗೈಯೇ. ಎಡಗೈ ಕೂಡದು ಎಂಬುದು ಅಪ್ಪನ ಕಾನೂನು, ಅವನು ಸತ್ತ ಮೇಲೂ ಉಳಿದಿತ್ತು. ತಣಿಸಂದ್ರದ ಅಪಾರ್ಟ್‌ಮೆಂಟಿನವರೂ ಹೆಸರಘಟ್ಟದ ಗೌಡರೂ ನಮ್ಮಲ್ಲಿಗೇ ಬಂದು ‘ಇಲ್ಲಿ ಶಾಸ್ತ್ರ ಇದೆ ಕಣ್ರೀ’ ಎನ್ನುವಾಗ ನಾನು ಉಬ್ಬಿಹೋಗುತ್ತಿದ್ದೆ.

ತಮ್ಮ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ್ದ. ಯಾರೋ ಪುಣ್ಯಾತ್ಮರು ಸೇರಿ ಬರೆದು, ಬೇಕಾದವರು ತಗೊಳ್ಳಿ, ಬೇಕಾದ ಹಾಗೆ ಬದಲಾಯಿಸಿಕೊಳ್ಳಿ ಎಂದು ಊರಿಗೆಲ್ಲ ಬಿಟ್ಟುಕೊಟ್ಟ ವ್ಯವಸ್ಥೆ ಅದು ಎಂದು ನನಗೆ ವಿವರಿಸಿದ್ದ. “ಪುಕ್ಕಟೆ ಸಿಕ್ಕಿದ್ದಕ್ಕೆ ಎಷ್ಟು ಹೊಗಳ್ತೀಯೋ” ಎಂದಿದ್ದೆ. ಮೌಸ್ ಅವನಿಗೆ ಆಗದು. ಕೀಲಿಗಳ ಕೆಳಗಿನ ಆ ನುಣುಪು ಚೌಕ, ಟ್ರ್ಯಾಕ್‌ಪ್ಯಾಡ್, ಅದರ ಮೇಲೇ ಅವನ ಕೆಲಸವೆಲ್ಲ. ಮೂರು ಬೆರಳು ಇಟ್ಟು ಮೇಲಕ್ಕೆ ತಳ್ಳಿದರೆ ತೆರೆದಿರುವ ವಿಂಡೋಗಳೆಲ್ಲ ಪರದೆಯ ಮೇಲೆ ಹರಡಿಕೊಳ್ಳುತ್ತಿದ್ದವು. ಮೂರು ಬೆರಳನ್ನು ಪಕ್ಕಕ್ಕೆ ಸರಿಸಿದರೆ ಒಂದು ಡೆಸ್ಕ್‌ಟಾಪ್ ಹೋಗಿ ಇನ್ನೊಂದು ಬರುತ್ತಿತ್ತು: ಒಂದರಲ್ಲಿ ಕಾರ್ಡು, ಒಂದರಲ್ಲಿ ಫ್ಲೆಕ್ಸ್, ಮೂರನೆಯದು ಅವನ ಸ್ವಂತದ್ದು. ಇದೆಲ್ಲ ತಾನಾಗಿ ಬಂದದ್ದಲ್ಲ, ಅವನೇ ಒಂದು ಫೈಲಿನಲ್ಲಿ ಸಾಲು ಸಾಲು ಬರೆದು ಯಂತ್ರಕ್ಕೆ ಕಲಿಸಿದ್ದ. ದೂರದಿಂದ ನೋಡಿದರೆ ರಂಗೋಲಿ ಎಳೆಯುವ ಕೈಯಂತೆ ಓಡಾಡುತ್ತಿತ್ತು ಅವನ ಬಲಗೈ. ಚೆನ್ನಾಗಿದೆ ಎಂದು ನಾನು ಒಂದು ದಿನವೂ ಹೇಳಲಿಲ್ಲ.

ಎರಡು ಸಾವಿರದ ಹದಿನಾರರ ವೈಶಾಖ. ಮುಹೂರ್ತಗಳ ಸುಗ್ಗಿ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಅಂಥ ಹೊತ್ತಿನಲ್ಲಿ ಇವನು ಹಿಂದಿನ ದಿನ ಸಂಜೆ ಸಿಸ್ಟಮ್ ಅಪ್‌ಡೇಟ್ ಮಾಡಿದ್ದ. ಬೆಳಿಗ್ಗೆ ಪ್ರಿಂಟರು ಮಾತು ಕೇಳಲಿಲ್ಲ. ಹೆಸರಘಟ್ಟದ ಕಡೆಯ ಹೆಣ್ಣಿನ ಸೋದರಮಾವ ಪತ್ರಿಕೆ ಒಯ್ಯಲು ಬಂದು ಒಂದು ಗಂಟೆ ಕಾದ. ಆಮೇಲೆ ಕೌಂಟರಿಗೆ ಕೈ ಅಪ್ಪಳಿಸಿದ.

“ಹೆಣ್ಣಿನ ಕಡೆಯೋರು ಕಣಮ್ಮ ನಾವು. ಪತ್ರಿಕೆ ಇಲ್ದೆ ಯಾರ್ ಮನೆ ಬಾಗ್ಲಿಗೆ ಹೋಗ್ಲಿ ನಾನು? ಶಾಸ್ತ್ರ ಅಂತೆ ಶಾಸ್ತ್ರ. ಇಂಗೆ ಅಂತ ಗೊತ್ತಿದ್ರೆ ಈ ಕಡೆ ತಲೆ ಆಕಿ ಮಲಗ್ತಿರ್ಲಿಲ್ಲ.”

ಇನ್ನೂ ಏನೇನೋ ಅಂದ, ನಮ್ಮ ತಾಯಿಯನ್ನೂ ಸೇರಿಸಿ ಅಂದ, ಹೊರಟುಹೋದ. ಅವನ ಮೇಲೆ ಕೈ ಮಾಡಲಾಗದ ಸಿಟ್ಟು ಎಲ್ಲಿಗೆ ಹೋಗಬೇಕು? ತಮ್ಮ ಇದ್ದ. ಕಾಗದ ಕತ್ತರಿಸುವ ಮೇಜಿನ ಮೇಲೆ ಸ್ಟೀಲ್ ಸ್ಕೇಲಿತ್ತು, ಅದೇ ಹಳೆಯ ಸ್ಕೇಲು. ಎತ್ತಿಕೊಂಡು ಅವನ ಭುಜಕ್ಕೆ, ಬೆನ್ನಿಗೆ, ಕತ್ತಿಗೆ ಬಾರಿಸಿದೆ. ಇಪ್ಪತ್ತಾರು ವರ್ಷದ ಗಂಡಸು ಕುರ್ಚಿಯಲ್ಲಿ ಮುದುಡಿ ಕೂತಿದ್ದ. ಏಳನೆಯದೋ ಎಂಟನೆಯದೋ ಏಟಿಗೆ ಎದ್ದು ನಿಂತು ಸ್ಕೇಲಿನ ಇನ್ನೊಂದು ತುದಿ ಹಿಡಿದುಕೊಂಡ. ಹುಟ್ಟಿದಾಗಿನಿಂದ ಅದೇ ಮೊದಲು.

“ಸಾಕು ಅಕ್ಕ,” ಎಂದ.

“ಬಿಡೋ.”

“ಬಿಡಲ್ಲ. ಸಾಕು.”

ಎದುರಿನ ಟೀ ಅಂಗಡಿಯಲ್ಲಿ ನಿಂತವರು ಲೋಟ ಹಿಡಿದುಕೊಂಡೇ ನೋಡುತ್ತಿದ್ದರು. ಅವರ ಮುಂದೆ ಅವನು ನನ್ನ ಕೈ ತಡೆದ ಎಂಬುದೇ ನನ್ನ ತಲೆಗೆ ಏರಿತು. ಸ್ಕೇಲು ಬಿಟ್ಟು ಹೊರಗೆ ಬಂದು “ಒಳಗೇ ಸಾಯಿ” ಎಂದು ಶಟರಿನ ಹಿಡಿಗೆ ನೇತುಬಿದ್ದು ಎಳೆದೆ. ಅದು ಬರುವ ರಭಸಕ್ಕೆ ಅವನು ತಡೆಯಲು ಕೆಳಗಿನಿಂದ ಕೈ ಒಡ್ಡಿದ. ಬಲಗೈ ಒಡ್ಡಿದ. ನಾನು ಕಲಿಸಿದ ಕೈ.

ಶಟರು ಪೂರ್ತಿ ಇಳಿಯಲಿಲ್ಲ, ಅಂಗುಲದಷ್ಟು ಮೇಲೇ ನಿಂತಿತು. ಎಲ್ಲೋ ಸಿಕ್ಕಿಕೊಂಡಿದೆ ಎಂದುಕೊಂಡು ನಾನು ಅದರ ತಳದ ಪಟ್ಟಿಯ ಮೇಲೆ ಕಾಲಿಟ್ಟು ತುಳಿದೆ. ಒಳಗಿನಿಂದ ಬಂದ ಸದ್ದನ್ನು ನಾನು ಬರೆಯುವುದಿಲ್ಲ. ಟೀ ಅಂಗಡಿಯವನು ಓಡಿ ಬಂದು ನನ್ನನ್ನು ದಬ್ಬಿ ಶಟರು ಎತ್ತಿದ. ಹೊಸಿಲಿನ ಕಲ್ಲಿನ ಮೇಲೆ ತಮ್ಮನ ಬೆರಳುಗಳು ಚಪ್ಪಟೆಯಾಗಿದ್ದವು, ಎರಡು ಬೆರಳಿಗೆ ಬೆರಳಿನ ಆಕಾರವೇ ಇರಲಿಲ್ಲ.

ಆಟೋದಲ್ಲಿ ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಹೋದೆವು. ಫ್ಲೈಓವರಿನ ಕೆಳಗೆ ಗಾಡಿಗಳು ನಿಂತುಬಿಟ್ಟಿದ್ದವು. ನಾನು ಮುಂದಿನ ಕಾರಿನ ಬಾನೆಟ್ಟಿಗೆ ಗುದ್ದಿ ದಾರಿ ಬಿಡಿಸಿದೆ, ಅದೊಂದು ಗೊತ್ತಲ್ಲ ನನಗೆ. ಟವೆಲು ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಹೊರಗೆ ನೋಡುತ್ತಿದ್ದ. ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: “ಶಟರ್ ಸ್ಪ್ರಿಂಗ್ ಕಟ್ಟಾಯ್ತು ಸಾರ್. ತಾನಾಗೇ ಬಿತ್ತು.”

ನಡುಬೆರಳು, ಉಂಗುರದ ಬೆರಳು, ಎರಡನ್ನೂ ಬುಡದವರೆಗೆ ತೆಗೆದರು. ಹೆಬ್ಬೆರಳು, ತೋರುಬೆರಳು, ಕಿರುಬೆರಳು ಉಳಿದವು. ಕಳಿಸುವಾಗ ಡಾಕ್ಟರು “ಇನ್ಮೇಲೆ ಎಡಗೈ ಅಭ್ಯಾಸ ಮಾಡ್ಸಿ” ಎಂದರು. ನಾನು ಆಗಲಿ ಸಾರ್ ಎಂದೆ. ಆ ಮಾತು ನನ್ನ ಕಿವಿಯವರೆಗೆ ಬಂದು ಅಲ್ಲೇ ನಿಂತಿತು, ಒಳಗೆ ಇಳಿಯಲಿಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಮ್ಮ ಅಪ್ಪನಿಗೆ ಹೇಳುತ್ತಿದ್ದಳು. ನನಗೆ ಅವಳು ಏನೂ ಹೇಳಲಿಲ್ಲ. ಸ್ಪ್ರಿಂಗು ಸರಿಯಾಗಿಯೇ ಇದೆ ಎಂದು ಅವಳಿಗೂ ಗೊತ್ತಿತ್ತು, ಬೀದಿಗೂ ಗೊತ್ತಿತ್ತು.

ಮಾರನೆಯ ದಿನ ಅಂಗಡಿ ತೆಗೆದು ಹೊಸಿಲು ತೊಳೆದೆ. ಲ್ಯಾಪ್‌ಟಾಪು ಹಾಗೇ ಉರಿಯುತ್ತಿತ್ತು. ಅಪ್‌ಡೇಟ್ ಯಶಸ್ವಿಯಾಗಿದೆ ಎಂದು ಪರದೆಯ ಮೂಲೆಯಲ್ಲಿ ಬರೆದಿತ್ತು. ಎತ್ತಿ ಅದೇ ಹೊಸಿಲಿಗೆ ಅಪ್ಪಳಿಸಿದೆ. ಒಮ್ಮೆ ಸಾಲದೆ ಮತ್ತೊಮ್ಮೆ ಅಪ್ಪಳಿಸಿದೆ. ಗಾಜು ಸೀಳಿತು, ಕೀಲಿಗಳು ರಸ್ತೆಗೆ ಹಾರಿದವು. ಏಟು ಅದಕ್ಕೆ ಸೇರಿದ್ದಲ್ಲ ಎಂದು ಹೊಡೆಯುವಾಗಲೇ ಗೊತ್ತಿತ್ತು.

ತಮ್ಮ ಮನೆಗೆ ಬಂದವನು ಮಹಡಿ ಸೇರಿದ. ನೀರಿನ ಟ್ಯಾಂಕಿನ ನೆರಳಿನಲ್ಲಿ ಬೆಳಿಗ್ಗೆ ಕೂತರೆ ಸಂಜೆಯವರೆಗೆ ಅಲ್ಲೇ. ನನ್ನೊಡನೆ ಮಾತಿಲ್ಲ. ನಾನು ಮೆಟ್ಟಿಲು ಹತ್ತಿದ ಸದ್ದಾದರೆ ಟ್ಯಾಂಕಿನ ಆ ಕಡೆಗೆ ಸರಿಯುತ್ತಿದ್ದ. ಊಟಕ್ಕೆ ಮುದ್ದೆ ಮುರಿಯಲು ಹೋದರೆ ತುತ್ತು ಇಲ್ಲದ ಬೆರಳುಗಳ ಸಂದಿಯಿಂದ ಜಾರಿ ಸಾರಿಗೆ ಬೀಳುತ್ತಿತ್ತು. ಅಮ್ಮ ಎದುರು ಕೂತು ಸಣ್ಣ ಸಣ್ಣ ಉಂಡೆ ಮಾಡಿ ಇಡುತ್ತಿದ್ದಳು. ಅವನು ಅದನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಎತ್ತಿ ತಿನ್ನುತ್ತಿದ್ದ. ಅವನ ಎಡಗೈ ಅಷ್ಟೂ ಹೊತ್ತು ತೊಡೆಯ ಕೆಳಗೆ ಮಡಚಿಕೊಂಡಿರುತ್ತಿತ್ತು. ದಿನಾ ಎರಡು ಹೊತ್ತು ನೋಡಿದೆ ಅದನ್ನು, ನನಗೆ ಏನೂ ಹೊಳೆಯಲಿಲ್ಲ.

ಎರಡು ತಿಂಗಳಾದ ಮೇಲೆ ಅಮ್ಮ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತಳು. “ಇನ್ನ್ ಆ ಕೆಲ್ಸ ನನ್ ಕೈಲಾಗಲ್ಲ ಅಂತಾನೆ ಕಣೇ. ಇಂಗೇ ಕುಂತ್ರೆ ಅವ್ನಿಗೆ ಉಚ್ಚು ಇಡೀತದೆ. ನೀನು ಮುರ್ದಿದ್ದು, ನೀನೇ ಏನಾರ ಮಾಡು.”

ನನಗೆ ಬೇಕಾಗಿದ್ದು ಒಂದೇ. ಅವನು ಮತ್ತೆ ಆ ಕುರ್ಚಿಯಲ್ಲಿ ಕೂರಬೇಕು. ಮಾತಾಡದಿದ್ದರೂ ಸರಿ, ನನ್ನ ಮುಖ ನೋಡದಿದ್ದರೂ ಸರಿ. ಆ ಕೆಲಸ ಒಂದೇ ಅವನು ತನಗಾಗಿ ಕಲಿತದ್ದು, ಅದನ್ನೂ ನಾನು ತುಳಿದುಹಾಕಿದ್ದೆ. ಅದು ಅವನಿಗೆ ವಾಪಸ್ ಸಿಗದಿದ್ದರೆ ನಾನು ಅಪ್ಪನಿಗಿಂತ ಕಡೆ.

ಒಡೆದ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಯಲಹಂಕದ ಒಬ್ಬ ರಿಪೇರಿಯವನ ಹತ್ತಿರ ಹೋದೆ. ಅವನು ಅದನ್ನು ತಿರುಗಿಸಿ ನೋಡಿ “ಲಾರಿ ಹತ್ತಿತ್ತಾ ಮೇಡಂ” ಎಂದ. ಒಳಗಿನ ಡಿಸ್ಕು ಬದುಕಿತ್ತು. ಒಂದು ಹಳೆಯ ಲ್ಯಾಪ್‌ಟಾಪು ಕೊಟ್ಟು, ಅದಕ್ಕೆ ಲಿನಕ್ಸ್ ಹಾಕಿ, ತಮ್ಮನ ಫೈಲುಗಳನ್ನೆಲ್ಲ ತುಂಬಿದ. ಟ್ರ್ಯಾಕ್‌ಪ್ಯಾಡಿನ ಬೆರಳಾಟ ಮಾತ್ರ ಅವನಿಗೆ ತಿಳಿಯದು. “ಅದೆಲ್ಲ ಅವ್ರವ್ರೇ ಸೆಟ್ ಮಾಡ್ಕೊಳ್ಳೋದು ಮೇಡಂ. ನಿಮ್ ತಮ್ಮನ್ನೇ ಕೇಳಿ.”

ಕೇಳುವ ಮುಖ ನನಗಿರಲಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ನಾನೇ ಕೂತೆ. ಪಿಯುಸಿ ಇಂಗ್ಲಿಷು, ಗೂಗಲ್ಲು, ಮತ್ತು ಎಮ್ಮೆಯ ಹಟ. ಬೆರಳಿನ ಚಲನೆಯನ್ನು ಕೇಳಿಸಿಕೊಳ್ಳುವ ಸಣ್ಣ ಪ್ರೋಗ್ರಾಮು ಒಂದನ್ನು ಹಾಕಬೇಕಿತ್ತು. ಅದಕ್ಕೆ ಮೂರು ದಿನ ಹಿಡಿಯಿತು. ಹಾಕಿದ ಮೇಲೆ ಅದು ‘ಟ್ರ್ಯಾಕ್‌ಪ್ಯಾಡ್ ಓದಲು ನಿಮಗೆ ಅನುಮತಿ ಇಲ್ಲ’ ಎಂದಿತು. ಅನುಮತಿ ಪಡೆದವರ ಗುಂಪಿಗೆ ನನ್ನ ಲಾಗಿನ್ ಸೇರಿಸಿದೆ. ಆದರೂ ಇಲ್ಲ ಎಂದಿತು. ಐದು ದಿನ ಇಲ್ಲ ಎಂದಿತು. ಗುಂಪಿಗೆ ಸೇರಿಸಿದ ಮೇಲೆ ಒಮ್ಮೆ ಲಾಗೌಟ್ ಆಗಿ ಹೊರಹೋಗಿ ಮತ್ತೆ ಒಳಗೆ ಬಂದರೆ ಮಾತ್ರ ಅನುಮತಿ ಹತ್ತುತ್ತದಂತೆ. ಅಷ್ಟು ಹೇಳುವುದಕ್ಕೆ ಅದಕ್ಕೇನು ಧಾಡಿ. ಆ ಐದು ದಿನದಲ್ಲಿ ಎರಡು ಸಲ ಅದನ್ನು ಎತ್ತಿ ಹಿಡಿದಿದ್ದೆ, ಹೊಸಿಲು ನೋಡಿ ಕೆಳಗಿಟ್ಟೆ. ಸಿಟ್ಟು ತಡೆಯದೆ ಅಂಟಿನ ಡಬ್ಬಿಯನ್ನು ಗೋಡೆಗೆ ಎಸೆದೆ, ಆ ಕಲೆ ಇನ್ನೂ ಗೋಡೆಯಲ್ಲಿದೆ.

ಆಮೇಲೆ ತಮ್ಮನ ಹಳೆಯ ಫೈಲು ತೆರೆದೆ. ಪ್ರತಿ ಸಾಲೂ ನಾಲ್ಕು ಮಾತು ಹೇಳುತ್ತದೆ: ಯಾವ ಚಲನೆ, ಯಾವ ಕಡೆಗೆ, ಎಷ್ಟು ಬೆರಳು, ಏನು ಮಾಡಬೇಕು. ಸಾಲಿನ ಮೇಲೆ, ಯಂತ್ರ ಓದದ ಹಾಗೆ ಗುರುತು ಹಾಕಿ, ತನ್ನ ನೆನಪಿಗೆ ಅವನು ಕನ್ನಡದಲ್ಲಿ ಬರೆದುಕೊಂಡಿದ್ದ. ಮೂರು ಬೆರಳು ಮೇಲಕ್ಕೆ: ಎಲ್ಲಾ ವಿಂಡೋ ತೋರಿಸು. ಮೂರು ಬೆರಳು ಎಡಕ್ಕೆ: ಮುಂದಿನ ಡೆಸ್ಕ್‌ಟಾಪ್. ಮೂರು ಬೆರಳು ಬಲಕ್ಕೆ: ಹಿಂದಿನದು. ಕೊನೆಯಲ್ಲಿ ಒಂದು ಇತ್ತು. ನಾಲ್ಕು ಬೆರಳು ಕೆಳಕ್ಕೆ: ಎಲ್ಲಾ ಮುಚ್ಚು. ಅಕ್ಕ ಬಂದಾಗ.

ನಾನು ಅಂಗಡಿಗೆ ಬಂದಾಗೆಲ್ಲ ಅವನ ಪರದೆ ಖಾಲಿ ಇರುತ್ತಿತ್ತು. ಕೆಲಸ ಬಿಟ್ಟು ಸುಮ್ಮನೆ ಕೂತಿದ್ದಾನೆ ಎಂದು ಅದಕ್ಕೂ ಎಷ್ಟೋ ಸಲ ಕೊಟ್ಟಿದ್ದೆ.

ಏನನ್ನು ಮುಚ್ಚುತ್ತಿದ್ದ ಎಂದು ಅವನ ಸ್ವಂತದ ಫೋಲ್ಡರ್ ಹುಡುಕಿದೆ. ಒಂದು ಲಗ್ನಪತ್ರಿಕೆ ಸಿಕ್ಕಿತು. ಒಳಗೆ ಹೆಸರಿಲ್ಲ, ಮುಹೂರ್ತವಿಲ್ಲ, ಅಂಚು ಮಾತ್ರ ಇತ್ತು. ಅಂಚಿನುದ್ದಕ್ಕೂ ಎಮ್ಮೆಗಳು, ಒಂದರ ಬಾಲ ಹಿಡಿದು ಇನ್ನೊಂದು ಹೋಗುವ ಹಾಗೆ ಸಾಲಾಗಿ ನಡೆದಿದ್ದವು. ನಮ್ಮ ಕೊಟ್ಟಿಗೆಯ ಮುರುಕು ಕೊಂಬಿನದೂ ಇತ್ತು, ಬಿಳಿ ಕಾಲಿನದೂ ಇತ್ತು. ಕೊನೆಯದಕ್ಕೆ ಇನ್ನೂ ಕೊಂಬು ಬಿಡಿಸಿರಲಿಲ್ಲ. ಯಮನ ವಾಹನವನ್ನು ಲಗ್ನಪತ್ರಿಕೆಗೆ ಹಾಕುವವನು ಎಲ್ಲಾದರೂ ಉಂಟೇ? ಆಗ ಕಣ್ಣಿಗೆ ಬಿದ್ದಿದ್ದರೆ ಖಂಡಿತ ಹೊಡೆಯುತ್ತಿದ್ದೆ. ಈಗ ಕೌಂಟರಿನ ಹಿಂದೆ ನೆಲದ ಮೇಲೆ ಕೂತು ಅತ್ತೆ.

ಅವನ ಬಲಗೈ ಹೇಗೆ ಆಡುತ್ತದೆ ಎಂದು ತಿಳಿಯಲು ನನ್ನ ಬಲಗೈಯ ನಡುಬೆರಳು, ಉಂಗುರದ ಬೆರಳನ್ನು ಮಡಚಿ ಪತ್ರಿಕೆ ಕಟ್ಟುವ ದಾರದಲ್ಲಿ ಬಿಗಿದೆ. ಬೆರಳು ಎಷ್ಟು ಬಿದ್ದವು ಎಂದು ಯಂತ್ರ ಒಂದು ಕಪ್ಪು ವಿಂಡೋದಲ್ಲಿ ಬರೆಯುತ್ತಾ ಹೋಗುತ್ತಿತ್ತು. ಹೆಬ್ಬೆರಳು, ತೋರುಬೆರಳು, ಕಿರುಬೆರಳು ಇಟ್ಟು ತಳ್ಳಿದರೆ ಮೂರು ಎಂದು ಬರಬೇಕು. ಬರಲಿಲ್ಲ. ಪ್ಯಾಡಿನ ಕೆಳಗಡೆ ಇಟ್ಟ ಹೆಬ್ಬೆರಳನ್ನು ಅದು ಬೆರಳೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸುಮ್ಮನೆ ಒರಗಿದೆ ಎಂದು ಬಿಟ್ಟುಬಿಡುತ್ತದೆ. ಉಳಿದದ್ದು ಎರಡು. ಎರಡು ಬೆರಳೆಂದರೆ ಪುಟ ಉರುಳಿಸುವುದಕ್ಕೆ ಮೀಸಲು, ಅದಕ್ಕೆ ಬೇರೆ ಕೆಲಸ ಹೇಳುವಂತಿಲ್ಲ. ಹತ್ತು ದಿನ ಹೆಬ್ಬೆರಳನ್ನು ಮೇಲೆ, ಕೆಳಗೆ, ಓರೆಗೆ ಇಟ್ಟು ನೋಡಿದೆ. ದಾರ ಕೊಯ್ದು ಬೆರಳು ನೀಲಿಯಾಯಿತು. ಗಿರಾಕಿಯೊಬ್ಬರು “ಕೈಗೇನಾಯ್ತಮ್ಮ, ನಿನಗೂ ಶಟರಾ?” ಎಂದು ಕೇಳಿದರು. ಅವರಿಗೆ ನಾನು ಕೊಟ್ಟ ಉತ್ತರಕ್ಕೆ ಅವರು ಆರ್ಡರನ್ನೇ ವಾಪಸ್ ತೆಗೆದುಕೊಂಡರು.

ಒಂದು ಮಧ್ಯಾಹ್ನ ಏನೂ ಆಗದೆ, ಸ್ಟೀಲ್ ಸ್ಕೇಲು ಎತ್ತಿ, ಅಡ್ಡ ಹಿಡಿದು, ದಾರ ಕಟ್ಟಿದ ನನ್ನ ಗೆಣ್ಣಿನ ಮೇಲೇ ಹೊಡೆದುಕೊಂಡೆ. ಕಣ್ಣು ಕತ್ತಲಿಟ್ಟಿತು. ಐದು ವರ್ಷದ ಕೈಗೆ ಇದನ್ನು ಎರಡು ವರ್ಷ ಕೊಟ್ಟೆನಲ್ಲ ಎಂದು ಆಗ ತಿಳಿಯಿತು. ತಿಳಿದದ್ದು ಅಷ್ಟೇ. ಅದರ ಮುಂದಿನದು ಆಗಲೂ ತಿಳಿಯಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಚಿವುಟುವುದರಲ್ಲಿ. ಹೆಬ್ಬೆರಳು ತೋರುಬೆರಳನ್ನು ಪ್ಯಾಡಿನ ನಡುವೆ ಇಟ್ಟು ಅಗಲಿಸಿದರೆ, ಇಲ್ಲವೇ ಹತ್ತಿರ ತಂದರೆ, ಅದನ್ನು ಈ ಪ್ರೋಗ್ರಾಮು ಕೇಳಿಸಿಕೊಳ್ಳುತ್ತದೆ. ಅಗಲಿಸಿದರೆ ಎಲ್ಲಾ ವಿಂಡೋ ಕಾಣಲಿ, ಚಿವುಟಿದರೆ ಮುಂದಿನ ಡೆಸ್ಕ್‌ಟಾಪ್ ಬರಲಿ ಎಂದು ಎರಡು ಸಾಲು ಬರೆದೆ. ಅವನು ಬರೆದ ಸಾಲುಗಳನ್ನು ಅಳಿಸಲು ಮನಸ್ಸು ಬರದೆ ಅವುಗಳ ಕೆಳಗೇ ಸೇರಿಸಿದೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವಳು ಎಂದರೆ ನಾನೇ ಅನ್ನಿಸಿತು, ಆದರೂ ಕುಣಿಯುವಷ್ಟು ಸಂತೋಷವಾಯಿತು.

ಮಾರನೆಯ ಬೆಳಿಗ್ಗೆ ತಿಂಡಿಯಾದ ಮೇಲೆ ಲ್ಯಾಪ್‌ಟಾಪು ಹಿಡಿದು ಮಹಡಿಗೆ ಹೋದೆ. ಅವನು ಟ್ಯಾಂಕಿನ ಆ ಕಡೆ ಸರಿದ. ನಾನೂ ಆ ಕಡೆಗೇ ಹೋಗಿ, ಅವನ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅದನ್ನಿಟ್ಟು ತೆರೆದೆ.

“ಎರಡೇ ಬೆರಳು ಸಾಕು. ಹೆಬ್ಬೆರಳು, ತೋರುಬೆರಳು. ಅಗಲ ಮಾಡಿ ನೋಡು,” ಎಂದೆ.

ಅವನು ಬಲಗೈ ಇಟ್ಟ. ಅಗಲಿಸಿದ. ವಿಂಡೋಗಳು ಹರಡಿಕೊಂಡವು. ಚಿವುಟಿದ, ಮುಂದಿನ ಡೆಸ್ಕ್‌ಟಾಪ್ ಬಂತು. ಅವನ ಮುಖದಲ್ಲಿ ಏನೂ ಇರಲಿಲ್ಲ. ನಾನು ಹೇಳಿದ್ದಕ್ಕೆ ಮಾಡುತ್ತಿದ್ದ, ಚಿಕ್ಕಂದಿನಲ್ಲಿ ಕಾಪಿ ಬರೆದ ಹಾಗೆ. ಒಂದೊಂದು ಸಲ ಚಿವುಟಿದಾಗಲೂ ಹೊಲಿಗೆ ಹಾಕಿದ ಜಾಗ ಬಿಳಿಚಿ, ದವಡೆ ಬಿಗಿಯುತ್ತಿತ್ತು. ನೋಯುತ್ತಿದೆಯಾ ಎಂದು ಕೇಳಿದೆ. ತಲೆಯಾಡಿಸಿದ, ಹೌದೋ ಅಲ್ಲವೋ ತಿಳಿಯಲಿಲ್ಲ.

ಮತ್ತೆ ಚಿವುಟಿದ. ಮೂರನೆಯ ಡೆಸ್ಕ್‌ಟಾಪಿನಲ್ಲಿ ಎಮ್ಮೆಗಳ ಪತ್ರಿಕೆಯನ್ನು ನಾನೇ ತೆರೆದಿಟ್ಟಿದ್ದೆ. ಅದನ್ನು ನೋಡಿ ಅವನು ಮುಂದಕ್ಕೆ ಬಗ್ಗಿದ, ಕೊಂಬಿಲ್ಲದ ಎಮ್ಮೆಯ ಮೇಲೆ ಕಣ್ಣು ನೆಟ್ಟ. ಆಗ ತೊಡೆಯ ಕೆಳಗಿನಿಂದ ಅವನ ಎಡಗೈ ಹೊರಬಂತು. ಯೋಚಿಸಿ ಮಾಡಿದ್ದಲ್ಲ. ಬಂದು ಪ್ಯಾಡಿನ ಮೇಲೆ ಕೂತಿತು, ಮೂರು ಬೆರಳಿನಲ್ಲಿ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಸರಿಸಿತು. ಪರದೆಗಳು ಸರಸರ ಹೋಗಿ ಬಂದವು. ಆಮೇಲೆ ಒಂದೇ ಬೆರಳಿನಲ್ಲಿ ಎಮ್ಮೆಯ ತಲೆಯ ಮೇಲೆ ಒಂದು ಗೆರೆ ಎಳೆಯಿತು. ಬಾಗಿದ ಕೊಂಬು, ಒಂದೇ ಎಳೆತದಲ್ಲಿ.

ನನ್ನ ಕೈ ಮೇಲೆದ್ದಿತು.

ಪರದೆ ತೋರಿಸಲು ಎತ್ತಿದ್ದು ಎಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಲಗ್ನಪತ್ರಿಕೆಗೆ ಎಡಗೈ ಬಿತ್ತೆಂದು ಎತ್ತಿದ್ದೂ ಇರಬಹುದು. ಇಪ್ಪತ್ತು ವರ್ಷ ಪಳಗಿದ ಕೈ, ನನ್ನನ್ನು ಕೇಳಿ ಏಳುವುದಿಲ್ಲ. ಅವನ ಎಡಗೈ ಬೆನ್ನ ಹಿಂದೆ ಹೋಗಿ ಅಡಗಿತ್ತು, ಕಣ್ಣು ಮುಚ್ಚಿತ್ತು, ಕತ್ತು ಭುಜದೊಳಗೆ ಇಳಿದಿತ್ತು. ಇಪ್ಪತ್ತಾರು ವರ್ಷದ ಗಂಡಸು, ಒಂದು ಕೈಯಲ್ಲಿ ಮೂರು ಬೆರಳು, ಇನ್ನೊಂದು ಕೈ ಬೆನ್ನ ಹಿಂದೆ. ಆ ಕೈಯ ಐದೂ ಬೆರಳು ನೆಟ್ಟಗಿದ್ದವು. ಒಂದು ತಿಂಗಳು ಗೂಗಲ್ಲಿನಲ್ಲಿ, ಆಮೇಲೆ ದಾರ ಕಟ್ಟಿಕೊಂಡು ಹುಡುಕಿದ ಕೈ ಮನೆಯಲ್ಲೇ ಇತ್ತು, ಅದನ್ನು ನಾನು ಇಪ್ಪತ್ತು ವರ್ಷ ಹಿಂದೆಯೇ ಹೊಡೆದು ಅಡಗಿಸಿಟ್ಟಿದ್ದೆ.

ಕೈಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಸಿಮೆಂಟಿನ ಮೇಲೆ ಕೂತೆ. ಬಿಸಿಲಿಗೆ ನೆಲ ಕಾದಿತ್ತು.

“ಅದ್ರಲ್ಲೇ ಮಾಡೋ,” ಎಂದೆ. “ಎಡಗೈಲೇ ಮಾಡು.”

ಅವನು ಕಣ್ಣು ತೆರೆಯಲಿಲ್ಲ. ಎರಡೂವರೆ, ಮೂರು ತಿಂಗಳ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಇದು: “ನಿನ್ ಕೈ ಎಲ್ಲಿದೆ ಅಕ್ಕ?”

“ತೊಡೆ ಕೆಳಗಿದೆ.”

“ಎರಡೂನಾ?”

“ಎರಡೂ.”

ಕಣ್ಣು ತೆರೆದು ನೋಡಿ ಖಾತ್ರಿ ಮಾಡಿಕೊಂಡ. ಎಡಗೈಯನ್ನು ನಿಧಾನವಾಗಿ ಮುಂದೆ ತಂದ. ಗೆಣ್ಣುಗಳ ಮೇಲೆ ಅಡ್ಡಕ್ಕೆ ಸಣ್ಣ ಬಿಳಿ ಗೀರುಗಳಿದ್ದವು, ಅವು ನನ್ನವು. ನಾಲ್ಕು ಬೆರಳು ಒಟ್ಟಿಗೆ ಪ್ಯಾಡಿನ ಮೇಲಿಟ್ಟು, ನನ್ನನ್ನೇ ನೋಡುತ್ತಾ, ಕೆಳಕ್ಕೆ ಎಳೆದ. ಎಮ್ಮೆಗಳು ಹೋದವು, ಎಲ್ಲಾ ಹೋಯಿತು, ಪರದೆ ಖಾಲಿಯಾಯಿತು.

“ಇದೂ ಕೆಲ್ಸ ಮಾಡ್ತಿದೆ,” ಎಂದ.

ಮುಂದಿನ ಸೋಮವಾರ ಅಂಗಡಿಗೆ ಬಂದ. ಲಗ್ನಪತ್ರಿಕೆಗಳನ್ನು ಎಡಗೈಯಲ್ಲೇ ಬಿಡಿಸಿದ. ಗಿರಾಕಿಗಳಲ್ಲಿ ಇಬ್ಬರು ನೋಡಿ ಎದ್ದು ಹೋದರು, ಹೋಗಲಿ ಎಂದೆ. ನಾನು ಬರೆದ ಎರಡು ಚಿವುಟುವ ಸಾಲನ್ನು ಅವನು ಅಳಿಸಿಹಾಕಿದ, ಕೇಳಲೂ ಇಲ್ಲ, ಹೇಳಲೂ ಇಲ್ಲ. ಸ್ಟೀಲ್ ಸ್ಕೇಲನ್ನು ನಾನು ಹಳೇ ಕಬ್ಬಿಣದವನಿಗೆ ಹಾಕಿದೆ. ಅವನ ಮೇಲೆ ಆಮೇಲೆ ಕೈ ಮಾಡಿಲ್ಲ. ಮಾಡಬೇಕು ಅನ್ನಿಸಿಯೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನಿಸಿದಾಗ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತೇನೆ, ಅದಕ್ಕೆಂದೇ ಕೌಂಟರಿನ ಹಿಂದೆ ಒಂದು ಸ್ಟೂಲು ಇದೆ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಅವನು ಹೊಸ ಲ್ಯಾಪ್‌ಟಾಪು ತಂದ. ಹಳೆಯದರಿಂದ ಆ ಫೈಲನ್ನು ಹೊಸದಕ್ಕೆ ಹಾಕಿಕೊಳ್ಳುವಾಗ ನಾನು ಹಿಂದೆ ನಿಂತು ನೋಡುತ್ತಿದ್ದೆ. ಒಂದೊಂದೇ ಸಾಲು ಓದಿ, ಬೇಡವಾದದ್ದನ್ನು ತೆಗೆಯುತ್ತಾ ಬಂದ. ಕೊನೆಯ ಸಾಲಿಗೆ ಬಂದು ನಿಂತ. ನಾಲ್ಕು ಬೆರಳು ಕೆಳಕ್ಕೆ: ಎಲ್ಲಾ ಮುಚ್ಚು. ಅಕ್ಕ ಬಂದಾಗ. ಅದನ್ನು ಹಾಗೇ ಬಿಟ್ಟು ಫೈಲು ಸೇವ್ ಮಾಡಿದ. ಅಳಿಸು ಎಂದು ನಾನೂ ಹೇಳಲಿಲ್ಲ.